ನೀರನ್ನು ತೊಳೆದ ಅವ್ವ

ಈ ವರ್ಷದ ಜೂನ್ ಎರಡನೇ ತಾರೀಕು, ಸೋಮವಾರ, ಬೆಳಿಗ್ಗೆ ಆರೂಕಾಲಕ್ಕೆ ರಾಮನಗರದ ನಮ್ಮ ಮನೆಯ ನಡುಮನೆಯಲ್ಲಿದ್ದ ಮೀನಿನ ತೊಟ್ಟಿಯ ನೀರು ಬೆಳ್ಳಗಾಯಿತು. ಪ್ರತ್ಯಕ್ಷದರ್ಶಿಗಳು ಇಬ್ಬರು: ನಾನು ಮತ್ತು ನನ್ನ ಅವ್ವ. ಆ ಹೊತ್ತಿಗೆ ಸಾವುನೋವಿನ ವರದಿ ಇರಲಿಲ್ಲ.

ಹೀಗೆ ಬರೆಯುವುದು ನನ್ನ ಹಳೆಯ ಚಾಳಿ, ಸಹಿಸಿಕೊಳ್ಳಬೇಕು. ಇಪ್ಪತ್ತೆಂಟು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದ ಸುದ್ದಿಯ ಕೊಬ್ಬು ಕರಗಿಸಿದವನು ನಾನು. ಎಲ್ಲಿ, ಯಾವಾಗ, ಎಷ್ಟು ಎಂದು ಕೇಳದೆ ಯಾವ ಮಾತೂ ನನ್ನ ತಲೆಗೆ ಇಳಿಯುವುದಿಲ್ಲ. ಹೆಂಡತಿ ವಿಮಲಾ ಒಮ್ಮೆ ಅಡುಗೆಮನೆಯಿಂದ "ರೀ, ಹಾಲು ಉಕ್ಕಿಹೋಯ್ತು" ಎಂದು ಕೂಗಿದಾಗ ನಾನು ಕೂತಲ್ಲಿಂದಲೇ "ಎಷ್ಟು ಗಂಟೆಗೆ?" ಎಂದು ಕೇಳಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವಳು ಅಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು.

ತೊಟ್ಟಿ ನಮ್ಮದಲ್ಲ. ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ರಶ್ಮಿಯದು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ. ಮೇ ತಿಂಗಳಲ್ಲಿ ಹೆರಿಗೆಗೆಂದು ಮಾಗಡಿಯ ತವರಿಗೆ ಹೊರಟಳು. ಅವಳ ಗಂಡ ಬಿಡದಿಯ ಕಡೆ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದವನು. ತನ್ನ ಊಟದ ಹೊತ್ತೇ ನೆನಪಿಲ್ಲದವನಿಗೆ ಮೀನಿನ ಊಟದ ಹೊತ್ತು ಒಪ್ಪಿಸಿ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಹಾಗಾಗಿ ತೊಟ್ಟಿ ಮೆಟ್ಟಿಲಿಳಿದು ನಮ್ಮ ಮನೆಗೆ ಬಂತು. ಒಳಗಿದ್ದದ್ದು ಎರಡು ಗೋಲ್ಡ್‌ಫಿಶ್, ಐದು ಕಪ್ಪು ಮೋಲಿ. ಗೋಲ್ಡ್‌ಫಿಶ್‌ಗಳಲ್ಲಿ ಒಂದು ನನ್ನ ಅಂಗೈಯಷ್ಟು ದೊಡ್ಡದು. ಮದುವೆಯಾದ ವಾರ ಗಂಡ ಹೆಂಡತಿ ಇಬ್ಬರೂ ಹೋಗಿ ತಂದದ್ದಂತೆ. ಹೊರಡುವ ದಿನ ರಶ್ಮಿ ಆ ತೊಟ್ಟಿಯ ಮುಂದೆ ಐದು ನಿಮಿಷ ನಿಂತಿದ್ದಳು. ಆಮೇಲೆ, "ಅಂಕಲ್, ಬರೋವಾಗ ಇವರೆಲ್ಲ ಇರ್ತಾರಲ್ವಾ?" ಎಂದಳು. ನಾನು "ಖಂಡಿತ" ಎಂದೆ. ಡೆಸ್ಕಿನಲ್ಲಿ ಯಾರಾದರೂ ಸುದ್ದಿಯಲ್ಲಿ ಆ ಪದ ಬರೆದಿದ್ದರೆ ಹೊಡೆದುಹಾಕುತ್ತಿದ್ದೆ.

ಅವಳು ಹೇಳಿದ ಸೂಚನೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದಿನಕ್ಕೆ ಎರಡು ಸಲ, ಒಂದೊಂದು ಚಿಟಿಕೆ ತಿಂಡಿ. ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಸ್ವಲ್ಪ ಹೊಸದು. ಫಿಲ್ಟರಿನ ಸ್ಪಂಜಿನ ಬಗ್ಗೆ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಆಟೊದವನು ಹಾರ್ನ್ ಹೊಡೆದ. ನನ್ನ ನೋಟ್‌ಬುಕ್ಕಿನಲ್ಲಿ ಆ ಸಾಲು "ಸ್ಪಂಜು, ತೊಳೆಯುವುದು" ಎಂದು ಶುರುವಾಗಿ ಪ್ರಶ್ನಾರ್ಥಕ ಚಿಹ್ನೆಯಲ್ಲಿ ನಿಂತಿದೆ. ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಇದೇ ತಪ್ಪಿಗೆ ನಾನು ಎಷ್ಟು ವರದಿಗಾರರ ಭಾನುವಾರ ಹಾಳುಮಾಡಿದ್ದೇನೆಂದು ಅವರಿಗೇ ಗೊತ್ತು.

ಕೇಳದಿರಲು ಇನ್ನೊಂದು ಕಾರಣವಿತ್ತು. ಎರಡನೇ ದಿನಕ್ಕೇ ತೊಟ್ಟಿ ನನ್ನ ಕೈ ತಪ್ಪಿ ಅವ್ವನ ಕೈ ಸೇರಿತ್ತು.

ಅವ್ವ ಹೊಂಗನೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವಳು. ಊರಿನಲ್ಲಿ ಅವಳ ಕೈಗುಣಕ್ಕೆ ಹೆಸರಿತ್ತು. ಪಕ್ಕದ ಮನೆಯಲ್ಲಿ ಹುಳು ಸಪ್ಪಗಾದರೆ ಅವಳನ್ನು ಕರೆದು ತೋರಿಸುತ್ತಿದ್ದರು. ಮಂಡಿ ನೋವು ಬಂದು ತಟ್ಟೆ ಎತ್ತಲಾಗದೆ ಎರಡು ವರ್ಷದ ಹಿಂದೆ ಹುಳದ ಮನೆಯನ್ನು ನನ್ನ ತಮ್ಮನ ಸಂಸಾರಕ್ಕೆ ಒಪ್ಪಿಸಿ ನಮ್ಮಲ್ಲಿಗೆ ಬಂದಳು. ಬಂದ ಮೇಲೆ ಅವಳಿಗೆ ಬೇಕಾದದ್ದೆಲ್ಲ ಇತ್ತು, ಸಾಕಲು ಒಂದು ಜೀವ ಮಾತ್ರ ಇರಲಿಲ್ಲ. ನನ್ನನ್ನು ಸಾಕಿ ಮುಗಿಸಿದ್ದಳು.

"ಎಷ್ಟೊತ್ತಿಗ್ ಹಾಕ್ತೀಯ್ಲಾ ತಿಂಡಿ?" ಎಂದಳು ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು.

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

"ಎಲ್ಡೇ ದಪನಾ? ಉಪಾಸ ಕೆಡವ್ತೀಯಾ?"

"ರಶ್ಮಿ ಹಂಗೇ ಹೇಳವ್ಳೆ ಕಣವ್ವ."

"ಅವ್ಳಿಗೇನ್ ಗೊತ್ತು, ಕೂಸು."

ಹುಳಕ್ಕೆ ದಿನಕ್ಕೆ ನಾಲ್ಕೈದು ಸಲ ಸೊಪ್ಪು ಹಾಕಿ ರೂಢಿಯಾದ ಕೈ ಅದು. ಮೀನಿಗೂ ಐದು ಹೊತ್ತಿನ ಊಟ ಗೊತ್ತಾಯಿತು. ಮೀನುಗಳು ಆಕ್ಷೇಪಿಸಲಿಲ್ಲ.

ಮೇ ಮೂವತ್ತೊಂದರಂದು ಅವ್ವ ಫಿಲ್ಟರ್ ಬಿಚ್ಚಿ ಒಳಗಿನ ಸ್ಪಂಜು ನೋಡಿದಳು. ಅದು ಕಂದು ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿತ್ತು. "ಅಯ್ಯಯ್ಯಪ್ಪ, ಈ ಗಲೀಜ್ನಾಗೆ ಜೀವ ಎಂಗ್ ಇಟ್ಕಂಡವೆ" ಎಂದು ಅಂದೇ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ, ಕಲ್ಲು, ಸ್ಪಂಜು ಎಲ್ಲವನ್ನೂ ಉಜ್ಜಿ ತೊಳೆದಳು. ತೊಟ್ಟಿ ಹೊಸ ಕನ್ನಡಿಯ ಹಾಗೆ ಹೊಳೆಯಿತು. ನಾನು ನೋಟ್‌ಬುಕ್ಕಿನಲ್ಲಿ "ಸ್ವಚ್ಛತೆ, ತೃಪ್ತಿಕರ" ಎಂದು ಬರೆದೆ. ಎರಡು ದಿನ ಬಿಟ್ಟು, ಮೊದಲೇ ಹೇಳಿದ ಸೋಮವಾರ, ನೀರು ಅಕ್ಕಚ್ಚಿನಂತಾಯಿತು. ಅಕ್ಕಿ ತೊಳೆದ ಮೊದಲ ನೀರು ಹೇಗಿರುತ್ತದೋ ಹಾಗೆ. ದೊಡ್ಡ ಗೋಲ್ಡ್‌ಫಿಶ್ ಮಂಜಿನಲ್ಲಿ ಬರುವ ಬಸ್ಸಿನ ಹಾಗೆ ಇದ್ದಕ್ಕಿದ್ದಂತೆ ಗಾಜಿನ ಹತ್ತಿರ ಕಾಣಿಸಿ ಮತ್ತೆ ಮರೆಯಾಗುತ್ತಿತ್ತು.

ಅವ್ವ ಬಹಳ ಹೊತ್ತು ನೋಡಿದಳು. ಮುಖ ಗಂಭೀರವಾಯಿತು.

"ಹಾಲುತೊಂಡೆ ಕಣ್ಲಾ," ಎಂದಳು.

ಹಾಲುತೊಂಡೆ ರೇಷ್ಮೆ ಹುಳುವಿಗೆ ಬರುವ ರೋಗ. ಹುಳು ಊದಿಕೊಂಡು ಮೈಯಿಂದ ಹಾಲಿನಂಥ ರಸ ಸುರಿಸುತ್ತದೆ. ಒಂದು ತಟ್ಟೆಗೆ ಬಂದರೆ ಮನೆಗೆಲ್ಲ ಹರಡುತ್ತದೆ.

"ಮೀನಿಗೆ ಹಾಲುತೊಂಡೆ ಬರಲ್ಲ ಕಣವ್ವ."

"ನೀನ್ ನೋಡಿದ್ದೀಯಾ, ಬರಾಕಿಲ್ಲ ಅನ್ನಾದ?"

ನೋಡಿರಲಿಲ್ಲ. ಕಣ್ಣಾರೆ ನೋಡದ್ದನ್ನು ಖಚಿತವಾಗಿ ಹೇಳಬಾರದು ಎಂಬುದು ನನ್ನದೇ ನಿಯಮ.

ಅವ್ವ ಪೇಟೆಯಿಂದ ಬ್ಲೀಚಿಂಗ್ ಪುಡಿ ತರಿಸಿದಳು. ಅದನ್ನು ಬಕೆಟ್ಟಿನಲ್ಲಿ ಕದಡಿದ ಕೂಡಲೇ ಎದ್ದ ಘಾಟು ನನ್ನನ್ನು ನಡುಮನೆಯಿಂದ ಎತ್ತಿ ಹೊಂಗನೂರಿನ ಹುಳದ ಮನೆಯ ಬಾಗಿಲಿಗೆ ತಂದು ನಿಲ್ಲಿಸಿತು.

ಆ ಬಾಗಿಲಿನಲ್ಲಿ ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿ ಬೆರೆಸಿ ಹರಡಿದ ಒಂದು ಗೋಣಿಚೀಲ ಇರುತ್ತಿತ್ತು. ಅದನ್ನು ತುಳಿಯದೆ ಯಾರೂ ಒಳಗೆ ಹೋಗುವಂತಿಲ್ಲ. ತುಳಿದ ಮೇಲೂ ಎಲ್ಲರಿಗೂ ಪ್ರವೇಶವಿಲ್ಲ. ಬೀಡಿ ಸೇದುತ್ತಿದ್ದ ಅಪ್ಪನಿಗೆ ಹುಳು ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗೆ, ಒಳಗೆ ಕಾಲಿಡಲು ಅನುಮತಿ ಇರಲಿಲ್ಲ. ಅಪ್ಪ ಕಿಟಕಿಯ ಆಚೆ ನಿಂತು "ಹುಳ ಎಂಗವೆ?" ಎಂದು ಕೇಳುತ್ತಿದ್ದ, ಅವ್ವ ಒಳಗಿನಿಂದ "ಅವು ಚೆಂದಾಗವೆ, ನೀವು ಒಸಿ ದೂರ ನಿಂತ್ಕಳಿ" ಎನ್ನುತ್ತಿದ್ದಳು. ಒಮ್ಮೆ ನಮ್ಮ ಸೋದರಮಾವ ಮದುವೆಗೆ ಕರೆಯಲು ಸೆಂಟು ಹಾಕಿಕೊಂಡು ಬಂದು ನೇರವಾಗಿ ಹುಳದ ಮನೆಗೆ ನುಗ್ಗಿದರು. ಅವ್ವ ಅವರನ್ನು ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ತಲೆಗೆ ಎರಡು ಚೊಂಬು ನೀರು ಸುರಿದ ಮೇಲೆಯೇ ಲಗ್ನಪತ್ರಿಕೆ ಕೈಗೆ ತೆಗೆದುಕೊಂಡದ್ದು. ಮಾವ ತಮ್ಮದೇ ಮದುವೆಗೆ ನೆಗಡಿಯಲ್ಲಿ ಹಸೆ ಏರಿದರು.

ಮರಿಹುಳುಗಳಿರುವ ತಟ್ಟೆಗೆ ಹಳೆಯ ಪತ್ರಿಕೆ ಹಾಸುತ್ತಿದ್ದೆವು. ಶಾಲೆಯ ಪುಸ್ತಕಕ್ಕಿಂತ ಹೆಚ್ಚಾಗಿ ನಾನು ಓದಿದ್ದು ಅದನ್ನೇ. ಎಲೆ, ಹುಳು, ಹಿಕ್ಕೆಗಳ ನಡುವೆ ಸುದ್ದಿಯ ಅರ್ಧ ಮಾತ್ರ ಕಾಣುತ್ತಿತ್ತು. ಯಾವುದೋ ಊರಿನಲ್ಲಿ ಲಾರಿ ಮಗುಚಿತು ಎಂಬವರೆಗೆ ಓದುತ್ತಿದ್ದೆ; ಮುಂದಿನದರ ಮೇಲೆ ಹುಳು ಕೂತಿರುತ್ತಿತ್ತು. ಅದನ್ನು ಸರಿಸಲು ಕೈ ಚಾಚಿದರೆ ಅವ್ವನ ಏಟು. ಮರುದಿನ ಹಾಸು ತೆಗೆಯುವ ಹೊತ್ತಿಗೆ ಆ ಹಾಳೆ ತಿಪ್ಪೆ ಸೇರಿ ಬೇರೆ ಹಾಳೆ ಬಂದಿರುತ್ತಿತ್ತು. ಹೀಗಾಗಿ ನನ್ನ ಬಾಲ್ಯದಲ್ಲಿ ಮಗುಚಿದ ಯಾವ ಲಾರಿಯ ಚಾಲಕನಿಗೂ ಕೊನೆಗೆ ಏನಾಯಿತೆಂದು ನನಗೆ ಗೊತ್ತಿಲ್ಲ. ಮುಂದೆ ಡೆಸ್ಕಿನಲ್ಲಿ ಸುದ್ದಿಯ ಕೊನೆಯ ಎರಡು ಪ್ಯಾರಾ ಕೈ ನಡುಗದೆ ಕತ್ತರಿಸುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು.

ಎಲ್ಲೋ ಹೋದೆ. ಬ್ಲೀಚಿಂಗ್ ಪುಡಿಯಲ್ಲಿದ್ದೆವು.

ಜೂನ್ ಎರಡರಂದು ಅವ್ವ ತೊಟ್ಟಿಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದಳು. ಕಲ್ಲುಗಳನ್ನು ತೊಳೆದಳು. ಸ್ಪಂಜನ್ನು ಅದ್ದಿ, ಹಿಂಡಿ, ಬಟ್ಟೆಯ ಪಕ್ಕದಲ್ಲಿ ತಂತಿಗೆ ನೇತುಹಾಕಿ ಬಿಸಿಲಿಗೆ ಒಣಗಿಸಿದಳು. ಘಾಟು ಹೋಗುವವರೆಗೆ ಏಳು ಸಲ ಚೆನ್ನಾದ ನೀರಿನಲ್ಲಿ ಜಾಲಿಸಿದಳು, ಎಣಿಸಿದವನು ನಾನು. ಅವಳ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ. ಎರಡು ದಿನ ನೀರು ಸ್ಫಟಿಕದಂತಿತ್ತು. ಮೂರನೇ ದಿನ ಮಸುಕಾಯಿತು. ನಾಲ್ಕನೇ ದಿನ ಮತ್ತೆ ಅಕ್ಕಚ್ಚು. ಅವ್ವ ಪುಡಿಯ ಪ್ರಮಾಣ ಹೆಚ್ಚಿಸಿ ಇನ್ನೊಮ್ಮೆ ತೊಳೆದಳು.

ಆ ಭಾನುವಾರ ರಶ್ಮಿ ಮಾಗಡಿಯಿಂದ ವಿಡಿಯೊ ಕರೆ ಮಾಡಿದಳು. ಹೊಟ್ಟೆ ಹೊತ್ತು ಕೂತಲ್ಲಿಂದಲೇ "ಅಂಕಲ್, ಮೀನು ತೋರಿಸಿ" ಎಂದಳು. ನಾನು ಫೋನನ್ನು ತೊಟ್ಟಿಯ ಕಡೆ ತಿರುಗಿಸಿದೆ.

"ಅಂಕಲ್, ಏನೂ ಕಾಣ್ತಿಲ್ಲ. ಎಲ್ಲಾ ಮಸುಕು."

ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದ ಮಾತನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಬೇಕು. "ಮಾಗಡಿ ಕಡೆ ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತಮ್ಮ" ಎಂದೆ.

"ನಿಮ್ಮ ಮುಖ ಚೆನ್ನಾಗಿ ಕಾಣ್ತಿತ್ತಲ್ಲ?"

"ಮಧ್ಯೆ ಮಧ್ಯೆ ಹೋಗುತ್ತೆ," ಎಂದು ಕರೆ ಕತ್ತರಿಸಿದೆ. ಹಿಂದೆ ನಿಂತಿದ್ದ ವಿಮಲಾ ನನ್ನನ್ನೇ ನೋಡಿದಳು. ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಕೆಲವೊಮ್ಮೆ ಹಾಗೆ ನೋಡುತ್ತಾಳೆ.

ಜೂನ್ ಹನ್ನೊಂದರಂದು ಒಂದು ಕಪ್ಪು ಮೋಲಿ ಸತ್ತಿತು. ದೊಡ್ಡ ಗೋಲ್ಡ್‌ಫಿಶ್ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಂತಲ್ಲೇ ನಿಲ್ಲಲು ಶುರುಮಾಡಿತು. ನನಗೆ ಹೊಳೆದ ಪರಿಹಾರ ಹೀಗಿತ್ತು: ಕಪ್ಪು ಮೋಲಿಗಳೆಲ್ಲ ಒಂದೇ ಥರ, ಅಂಗಡಿಯಿಂದ ಇನ್ನೊಂದು ತಂದು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಇದನ್ನು ಮೆಲ್ಲಗೆ ಹೇಳಿದೆ.

"ನೀನ್ ಇಂಗೇನ್ಲಾ ಪೇಪರ್ ನಡಸ್ತಿದ್ದಿದ್ದು?" ಎಂದಳು ಅವ್ವ.

ಅಷ್ಟಕ್ಕೇ ಬಿಡಲಿಲ್ಲ. ಸತ್ತ ಮೀನನ್ನು ಬಾಳೆಲೆಯ ತುಂಡಿನಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಳು. "ನಲವತ್ತೊರ್ಸ ಯಾರ್ ಮನೆ ಹುಳ ಹೋದ್ರೂ ನನ್ ಕೈದು ಹೋಗಿರ್ನಿಲ್ಲ. ಕೈಗುಣ ಹೊಂಟೋಯ್ತು ಕಣ್ಲಾ. ಆ ದೊಡ್ಡದೂ ಹೋದ್ರೆ ಆ ಬಸುರಿ ಹುಡ್ಗಿಗೆ ಏನಂತ ಹೇಳಾನ?" ಎಂದಳು. ಮಂಡಿ ನೋವು ಬಂದಾಗಲೂ, ಹುಳದ ಮನೆ ಬಿಟ್ಟು ಬಂದಾಗಲೂ ಆ ದನಿಯನ್ನು ನಾನು ಕೇಳಿರಲಿಲ್ಲ. ಆಮೇಲೆ ಎದ್ದು ಮತ್ತೆ ಬ್ಲೀಚಿಂಗ್ ಡಬ್ಬಿಯ ಕಡೆ ಹೊರಟಳು.

"ಅತ್ತೆ, ಒಂದ್ನಿಮಿಷ," ಎಂದಳು ವಿಮಲಾ. ಅವಳ ಕೈಯಲ್ಲಿ ನನ್ನ ನೋಟ್‌ಬುಕ್ ಇತ್ತು. "ಇವರು ಎಲ್ಲಾ ಬರೆದಿಟ್ಟಿದ್ದಾರೆ, ಓದಿಲ್ಲ ಅಷ್ಟೆ. ಮೂವತ್ತೊಂದು ತೊಳೆದಿದ್ದು, ಎರಡಕ್ಕೆ ಬೆಳ್ಳಗಾಯ್ತು. ಎರಡಕ್ಕೆ ತೊಳೆದಿದ್ದು, ಐದಕ್ಕೆ ಬೆಳ್ಳಗಾಯ್ತು. ಐದಕ್ಕೆ ತೊಳೆದಿದ್ದು, ಎಂಟಕ್ಕೆ. ತೊಳೆಯದೆ ಬೆಳ್ಳಗಾಗಿದ್ದು ಒಂದ್ಸಲವೂ ಇಲ್ಲ."

ಮೂರೂ ತಾರೀಕು ನನ್ನ ಅಕ್ಷರದಲ್ಲೇ, ಒಂದರ ಕೆಳಗೊಂದು ಇದ್ದವು.

"ಅಂದ್ರೆ? ನಾನ್ ತೊಳ್ದಿದ್ದು ತೆಪ್ಪು ಅಂತೀಯಾ?" ಎಂದಳು ಅವ್ವ.

"ನಾನೇನೂ ಅಂದಿಲ್ಲ ಅತ್ತೆ. ತೊಟ್ಟಿ ಅಂತಿದೆ."

ಮರುದಿನ ಅವ್ವನೂ ನಾನೂ ಚನ್ನಪಟ್ಟಣದ ಬಸ್ಸು ಹತ್ತಿದೆವು. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಮ್ತಿಯಾಜ್ ಎಂಬವರ ಮೀನಿನ ಅಂಗಡಿ ಇದೆ. ರಶ್ಮಿ ತನ್ನ ಮೀನುಗಳನ್ನು ತಂದದ್ದು ಅಲ್ಲಿಂದಲೇ. ತೋರಿಸಲೆಂದು ತೊಟ್ಟಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡಿದ್ದೆವು. ಪಕ್ಕದ ಸೀಟಿನ ಹೆಂಗಸು ಅದನ್ನು ದಾರಿಯುದ್ದಕ್ಕೂ ನೋಡಿ, ತಡೆಯಲಾರದೆ, "ನೀರ್ಮಜ್ಗೆಯಾ ಅಜ್ಜಿ?" ಎಂದರು. "ಕುಡ್ಯಾದಲ್ಲ ಕಣವ್ವ, ಕಾಯ್ಲೆದು" ಎಂದಳು ಅವ್ವ. ಆಕೆ ಸೀಟು ಬದಲಿಸಿದರು.

ಇಮ್ತಿಯಾಜ್ ನಲವತ್ತು ದಾಟಿದವರು. ಬಾಟಲಿಯನ್ನು ಬೆಳಕಿಗೆ ಹಿಡಿದು, ಮುಚ್ಚಳ ತೆಗೆದು ಮೂಸಿ, ಕೆಳಗಿಟ್ಟರು.

"ಎಷ್ಟು ದಿನಕ್ಕೆ ತೊಳೀತೀರ ಅಮ್ಮ?"

"ಎಲ್ಡ್ ಮೂರ್ ದಿನಕ್ಕೊಂದ್ ದಪ."

"ಪೂರಾ?"

"ಪೂರಾ. ಗಾಜು, ಕಲ್ಲು, ಸ್ಪಂಜು. ಬ್ಲೀಚಿಂಗ್ ಹಾಕಿ, ಬಿಸ್ಲಿಗ್ ಕಟ್ಟಿ, ಏಳ್ ನೀರ್ನಾಗ್ ಜಾಲ್ಸಿ."

ಇಮ್ತಿಯಾಜ್ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡರು. "ಯಾ ಅಲ್ಲಾ. ಅಮ್ಮ, ನೀವು ಹುಳ ಸಾಕಿದೋರಾ?"

"ಎಂಗ್ ಗೊತ್ತಾಯ್ತು?"

"ಸ್ಪಂಜಿಗೆ ಬಿಸಿಲು ಕಾಯಿಸೋ ಬುದ್ಧಿ ಬೇರೆ ಯಾರಿಗೆ ಬರ್ತದೆ? ನಮ್ಮಪ್ಪ ರೀಲರ್ ಇದ್ರು. ನಿಮ್ಮ ಗೂಡಿಂದ ದಾರ ತೆಗೆದೇ ನಾವು ಬೆಳೆದಿದ್ದು."

ಅವ್ವನ ಬೆನ್ನು ನೆಟ್ಟಗಾಯಿತು. ಹುಳು ಸಾಕಿದವರಿಗೂ ಗೂಡು ಕೊಳ್ಳುವ ರೀಲರುಗಳಿಗೂ ಗೂಡಿನ ಮಾರುಕಟ್ಟೆಯಲ್ಲಿ ತಲೆಮಾರುಗಳಿಂದ ನಡೆದುಬಂದ ವಾದವೊಂದಿದೆ.

"ಓಹೋ. ಗೂಡ್ನ ಕಿವಿತಾವ್ ಹಿಡ್ದು ಅಲ್ಲಾಡ್ಸಿ, ಮೂಗ್ ಮುರ್ದು ಎದ್ದೋಗೋರು."

"ಹಸಿ ಗೂಡ್ ತಂದು ಒಣಗಿರೋದು ಅನ್ನೋರು ಯಾರಮ್ಮ?"

"ನಾನ್ ತಂದಿಲ್ಲ."

"ನಾನೂ ಅಲ್ಲಾಡ್ಸಿಲ್ಲ."

ಇಬ್ಬರೂ ನಕ್ಕರು. ವಿಚಾರಣೆ ಮುಂದುವರಿಯಿತು.

"ನೋಡಿ ಅಮ್ಮ," ಎಂದರು ಇಮ್ತಿಯಾಜ್, ತಮ್ಮ ತೊಟ್ಟಿಯೊಂದರಿಂದ ಸ್ಪಂಜು ಎತ್ತಿ ತೋರಿಸುತ್ತ. ಅದು ನಮ್ಮದಕ್ಕಿಂತ ಕಂದಾಗಿತ್ತು. "ಇದನ್ನ ನೀವು ಕೊಳೆ ಅಂತೀರ. ಇದರೊಳಗೆ ಕಣ್ಣಿಗೆ ಕಾಣದ ಹುಳ ಅವೆ, ಒಳ್ಳೇವು. ಮೀನು ಮಾಡೋ ಗಲೀಜು, ಮಿಕ್ಕಿದ ತಿಂಡಿ, ಎಲ್ಲದರ ವಿಷ ಅವೇ ತಿಂದು ತೆಗೀತವೆ. ಅವು ಸತ್ರೆ ಆ ವಿಷ ನೀರಲ್ಲೇ ನಿಲ್ತದೆ. ಆಮೇಲೆ ಬೇರೆ ಥರದವು ಗುಂಪು ಗುಂಪಾಗಿ ನೀರಿಗೆ ನುಗ್ತವೆ, ನೀರು ಹಾಲಾಗ್ತದೆ. ನೀವು ಏನ್ ಮಾಡ್ತೀರ? ಮತ್ತೆ ತೊಳೀತೀರ. ಪಾಪ, ಒಳ್ಳೇವು ಆಗ ತಾನೆ ಮನೆ ಕಟ್ಕೋತಿರ್ತವೆ."

"ಕಣ್ಣಿಗ್ ಕಾಣ್ದೇ ಇರೋ ಹುಳಾನಾ?"

"ಹೂಂ ಅಮ್ಮ. ಟ್ಯಾಂಕ್ ಇಟ್ಟೋರು ಮೊದಲು ಸಾಕಬೇಕಾದ್ದು ಅದನ್ನೇ. ಮೀನು ಆಮೇಲೆ."

ಅವ್ವ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಅಂಗಾರೆ ಮೂರ್ ಬೆಳೆ ಹುಳಾನ ನಾನೇ ಕೈಯಾರ ಬ್ಲೀಚಿಂಗ್ ಹಾಕಿ ಸಾಯ್ಸ್ಬುಟ್ನಲ್ಲಪ್ಪ," ಎಂದಳು.

"ಹುಳ ಮತ್ತೆ ಬರ್ತವೆ. ಅದಕ್ಕೆ ನೀವು ಒಂದೇ ಕೆಲಸ ಮಾಡ್ಬೇಕು."

"ಏನ್ ಮಾಡ್ಬೇಕೇಳು, ಮಾಡ್ತೀನಿ."

"ಏನೂ ಮಾಡ್ಬಾರ್ದು."

ಎಪ್ಪತ್ತೆರಡು ವರ್ಷದಲ್ಲಿ ಅವ್ವನಿಗೆ ಯಾರೂ ಹೇಳಿರದ ಮಾತು ಅದು. ಇಮ್ತಿಯಾಜ್ ಬಿಡಿಸಿ ಹೇಳಿದರು: ತಿಂಡಿ ದಿನ ಬಿಟ್ಟು ದಿನ, ಒಂದೇ ಚಿಟಿಕೆ. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ತುಂಬಿಟ್ಟ ನೀರು ಹಾಕುವುದು. ತೊಳೆಯುವ ಮಾತೇ ಇಲ್ಲ. ಆಮೇಲೆ ತಮ್ಮ ಸ್ಪಂಜಿನಿಂದ ಒಂದು ತುಂಡು ಕತ್ತರಿಸಿ, ಒದ್ದೆ ಮಾಡಿ, ಕವರಿನಲ್ಲಿ ಹಾಕಿ ಕೊಟ್ಟರು. "ಇದರಲ್ಲಿ ಅವೆ. ನಿಮ್ಮ ಫಿಲ್ಟರ್ ಒಳಗೆ ಇಡಿ. ನೀವು ಚಾಕಿ ತಗೊಂಡ್ಹೋಗಲ್ವಾ, ಹಂಗೆ."

ಚಾಕಿ ಎಂದರೆ ಬೇರೆಯವರ ಮನೆಯಲ್ಲಿ ಮೊಟ್ಟೆಯೊಡೆದು ಎರಡು ಸಲ ಪೊರೆ ಬಿಟ್ಟ ಮರಿಹುಳು. ಅದನ್ನು ಬಿಸಿಲು ಏರುವ ಮುಂಚೆ, ತಣ್ಣಗೆ, ಅಲುಗಿಸದೆ ಊರಿಗೆ ತರಬೇಕು. ಆ ಲೋಳೆ ಸ್ಪಂಜಿನ ತುಂಡನ್ನು ಅವ್ವ ಸೆರಗಿನ ತುದಿಯನ್ನು ಒದ್ದೆ ಮಾಡಿ ಅದರಲ್ಲಿ ಸುತ್ತಿದಳು. ಬಸ್ಸಿನಲ್ಲಿ ಕಿಟಕಿಯ ಬಿಸಿಲು ಬೀಳದ ಕಡೆ ಕೂತಳು. ಹನ್ನೆರಡು ದಿನದ ಹಿಂದೆ ಇದೇ ಬಣ್ಣದ ಸ್ಪಂಜನ್ನು ಎರಡು ಬೆರಳಲ್ಲಿ ಹಿಡಿದು ಮುಖ ತಿರುಗಿಸಿದವಳು, ಈಗ ಅದನ್ನು ಮಡಿಲಿನಿಂದ ಇಳಿಸಲಿಲ್ಲ.

ರಾಮನಗರ ಹತ್ತಿರವಾದಾಗ ಬಾಯಿಬಿಟ್ಟಳು. "ಹುಳ ಜ್ವರಕ್ಕೆ ಕೂತಾಗ ಸೊಪ್ಪ್ ಹಾಕ್ತೀವೇನ್ಲಾ?"

ಜ್ವರ ಎಂದರೆ ಹುಳು ಪೊರೆ ಬಿಡುವ ಹೊತ್ತು. ಒಂದು ದಿನ ತಲೆಯೆತ್ತಿ ಕಲ್ಲಿನ ಹಾಗೆ ಕೂರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ, ಹುಳದ ಮನೆಯಲ್ಲಿ ಜೋರಾಗಿ ಮಾತನ್ನೂ ಆಡುವುದಿಲ್ಲ.

"ಇಲ್ಲ," ಎಂದೆ.

"ಅಂಗೇ ಅನ್ಕತೀನಿ ಬುಡು."

ಆದರೆ ಹುಳುವಿನ ಜ್ವರ ಒಂದು ದಿನದ್ದು. ಇದು ಎಷ್ಟು ದಿನವೋ ಗೊತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು ಬಿಟ್ಟರೆ ಅವ್ವ ತೊಟ್ಟಿಯನ್ನು ಮುಟ್ಟಲಿಲ್ಲ, ಆದರೆ ಅವಳ ಕೈಗಳಿಗೆ ಕೆಲಸ ಬೇಕಿತ್ತು. ಮೊದಲ ದಿನ ಮನೆಯ ಫ್ಯಾನುಗಳನ್ನು ತೊಳೆದಳು. ಎರಡನೇ ದಿನ ವಿಮಲಾಳ ಉಪ್ಪಿನಕಾಯಿ ಜಾಡಿಗಳ ಹೊರಮೈ. ಮೂರನೇ ದಿನ ನನ್ನ ಚಪ್ಪಲಿಗಳು. ಆಮೇಲೆ ನನ್ನ ಪುಸ್ತಕದ ಕಪಾಟು. ಪುಸ್ತಕ ಒಂದೂ ನೆನೆಯಲಿಲ್ಲವೆಂಬುದಷ್ಟೇ ಸಮಾಧಾನ. ಐದನೇ ದಿನ ರಶ್ಮಿಯ ಗಂಡ ಪಾಳಿ ಮುಗಿಸಿ ಬಂದು ಮೆಟ್ಟಿಲ ಮೇಲಿಟ್ಟ ಹೆಲ್ಮೆಟ್ ಕಾಣೆಯಾಯಿತು. ತಂತಿಯ ಮೇಲೆ ಒಣಗುತ್ತಿತ್ತು.

ನಡುವೆ ಒಂದು ಭಾನುವಾರ ಬಂತು. ರಶ್ಮಿಯ ಕರೆಯೂ ಬಂತು. ನಾನು ಫೋನ್ ಕೈಗೆತ್ತಿಕೊಳ್ಳುವ ಮೊದಲೇ ಅವ್ವ ಎತ್ತಿಕೊಂಡಳು.

"ಮಗ, ಒಂದ್ ಕಪ್ ಮೀನ್ ಹೋಯ್ತು. ನಂದೇ ತೆಪ್ಪು. ಸ್ಯಾನೆ ತೊಳ್ದ್‌ಬುಟ್ಟೆ. ದೊಡ್ಡದು ಮ್ಯಾಲ್ ಬಂದು ಬಾಯ್ ಬಿಡ್ತಾ ಅದೆ. ಉಳಿಸ್ಕಂತೀನಿ ಅಂತ ಏಳಾಕಾಗಾಕಿಲ್ಲ, ನೋಡ್ಕತಾ ಇವ್ನಿ."

ಆ ಕಡೆಯಿಂದ ರಶ್ಮಿ, "ಅಜ್ಜಿ, ಅಳಬೇಡಿ. ನಾನೂ ಮೊದಲ ವರ್ಷ ನಾಲ್ಕು ಸಾಯಿಸಿದೀನಿ. ಪಾತ್ರೆ ತೊಳೆಯೋ ಸೋಪಲ್ಲಿ ತೊಟ್ಟಿ ತೊಳೆದು" ಎಂದಳು.

"ನಾನೆಲ್ ಅತ್ತೆ?" ಎಂದಳು ಅವ್ವ, ಕಣ್ಣು ಒರೆಸಿಕೊಂಡು.

"ಮತ್ತೆ ಅಂಕಲ್ ಯಾಕೆ ನೆಟ್‌ವರ್ಕ್ ಅಂದ್ರು?"

"ಅವ್ನು ಪೇಪರ್ನೋನು ಕಣವ್ವ. ನಿಜ ಏಳಾಕೆ ಒಸಿ ತಡ ಆಯ್ತದೆ."

ವಿಮಲಾ ನಕ್ಕ ಸದ್ದು ಅಡುಗೆಮನೆಯಿಂದ ಕೇಳಿಸಿತು. ಈ ಹೇಳಿಕೆಗೆ ನಾನು ಇನ್ನೂ ಸ್ಪಷ್ಟನೆ ನೀಡಿಲ್ಲ.

ಏಳನೇ ದಿನಕ್ಕೆ ನೀರು ಇನ್ನಷ್ಟು ದಟ್ಟವಾಯಿತು. ಗೋಲ್ಡ್‌ಫಿಶ್ ಮೂಲೆ ಹಿಡಿಯಿತು. ಅವ್ವ ಎದ್ದು ಬಚ್ಚಲಿನವರೆಗೆ ಹೋಗಿ ಬಕೆಟ್ ಎತ್ತಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ತಡೆಯುವಷ್ಟು ನಂಬಿಕೆ ನನಗೂ ಇರಲಿಲ್ಲ. ಬಕೆಟ್ಟನ್ನು ಎರಡು ನಿಮಿಷ ಹಿಡಿದುಕೊಂಡಿದ್ದು, ಕೆಳಗಿಟ್ಟು, ಬಂದು ತೊಟ್ಟಿಯ ಮುಂದೆ ಕೂತು, ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡಳು. ನಾನೂ ಪಕ್ಕದಲ್ಲಿ ಕೂತೆ. ಅಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಎಂಟನೇ ದಿನ ತೊಟ್ಟಿಯ ಹಿಂದಿನ ಗೋಡೆಯ ಬಣ್ಣ ಕಂಡಿತು. ಒಂಬತ್ತನೇ ದಿನ ಕಲ್ಲುಗಳನ್ನು ಎಣಿಸುವಂತಾಯಿತು. ಜೂನ್ ಇಪ್ಪತ್ತೆರಡರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅವ್ವ ನಡುಮನೆಯಿಂದ ಕೂಗಿದಳು, "ಬಾರ್ಲಾ ಇಲ್ಲಿ! ನೀರೇ ಇಲ್ಲ ಅನ್ನಂಗದೆ!" ಹೋಗಿ ನೋಡಿದೆ. ಮೀನುಗಳು ಗಾಳಿಯಲ್ಲಿ ನಿಂತಂತಿದ್ದವು. ದೊಡ್ಡದು ಕೆಳಗಿಳಿದು ಕಲ್ಲುಗಳ ನಡುವೆ ಮೂಗು ತೂರಿಸಿ ತಿಂಡಿ ಹುಡುಕುತ್ತಿತ್ತು.

ಅವ್ವ ಫಿಲ್ಟರಿನ ಕಡೆ ನೋಡಿ, "ಚೆಂದಾಗವೆ," ಎಂದಳು. ಮೀನಿನ ಬಗ್ಗೆ ಹೇಳಿದ್ದಲ್ಲ.

ಜುಲೈನಲ್ಲಿ ರಶ್ಮಿಗೆ ಹೆಣ್ಣುಮಗು ಹುಟ್ಟಿತು. ಅಕ್ಟೋಬರ್ ಹನ್ನೆರಡರಂದು, ಭಾನುವಾರ, ಮಗುವಿನೊಂದಿಗೆ ರಾಮನಗರಕ್ಕೆ ಬಂದಳು. ಮೊದಲು ನಮ್ಮ ನಡುಮನೆಗೇ ಬಂದು, ಮಗುವನ್ನು ತೊಟ್ಟಿಯ ಮುಂದೆ ಹಿಡಿದಳು. ಎರಡು ಗೋಲ್ಡ್‌ಫಿಶ್, ನಾಲ್ಕು ಮೋಲಿ. ಮಗು ಮೀನು ನೋಡಲಿಲ್ಲ, ಟ್ಯೂಬ್‌ಲೈಟ್ ನೋಡಿತು. ಮೇಲಕ್ಕೆ ಒಯ್ಯುವ ಹೊತ್ತಿಗೆ ರಶ್ಮಿ ಫಿಲ್ಟರ್ ತೆರೆದು, ಮೂಗು ಸುಕ್ಕಿಸಿ, "ತೊಳೀಬಾರ್ದು ಅಂತ ಗೊತ್ತು, ಆದ್ರೂ ಮಗು ಇರೋ ಮನೆ ಅಜ್ಜಿ, ಒಂದ್ಸಲ ಎಲ್ಲಾ ಪೂರ್ತಿ ತೊಳೆದುಬಿಡ್ತೀನಿ" ಎಂದಳು.

ಅವ್ವ ತೊಟ್ಟಿಗೂ ಅವಳಿಗೂ ನಡುವೆ ನಿಂತಳು. "ನನ್ ಹುಳ ಮುಟ್ಟಿದ್ರೆ ನೋಡು ಮತ್ತೆ."

ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಮೆಲ್ಲಗೆ ಅದ್ದಿ ತೆಗೆಯುವುದು ಹೇಗೆಂದು ಅವ್ವ ತೋರಿಸಿದಳು. ರಶ್ಮಿ, "ಅಂಕಲ್‌ಗೆ ಆವತ್ತು ಹೇಳಿದ್ದೂ ಇದನ್ನೇ" ಎಂದಳು. ನಾನು ನೋಟ್‌ಬುಕ್ ತೆಗೆದು ಆ ಸಾಲಿನ ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿದೆ.

ತೊಟ್ಟಿ ಮೇಲೆ ಹೋದ ಐದನೇ ದಿನ ಅವ್ವ ಒಬ್ಬಳೇ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ ಬಂದಳು. ಹಿಂದೆಯೇ ಇಮ್ತಿಯಾಜ್ ಸ್ಕೂಟರಿನಲ್ಲಿ ಒಂದು ಸಣ್ಣ ತೊಟ್ಟಿ ತಂದು ಇಳಿಸಿದರು. ರಶ್ಮಿಯ ಸ್ಪಂಜಿನಿಂದ ಅರ್ಧ ಕತ್ತರಿಸಿ ಹೊಸ ಫಿಲ್ಟರಿಗೆ ಹಾಕಿದ್ದಾಯಿತು. ಮೂರು ಗೋಲ್ಡ್‌ಫಿಶ್ ಮರಿಗಳನ್ನು ಬಿಟ್ಟದ್ದಾಯಿತು. ನಿನ್ನೆ ಬೆಳಿಗ್ಗೆ ಹೊಸ ತೊಟ್ಟಿಯ ನೀರು ಬೆಳ್ಳಗಾಯಿತು. ಅವ್ವ ಅದನ್ನು ನೋಡಿದಳು, ತಿಂಡಿಯ ಡಬ್ಬಿಯನ್ನು ವಿಮಲಾಳ ಬೀರುವಿನಲ್ಲಿಟ್ಟು ಬೀಗ ಹಾಕಿಸಿದಳು, ಒಂಬತ್ತೂವರೆಯ ಬಸ್ಸಿಗೆ ಹೊಂಗನೂರಿಗೆ ಹೋದಳು. ಗುರುವಾರ ಬರುತ್ತಾಳೆ.